ಬೆಳ್ಳಕ್ಕಿಗಳ ಆಟ ಶುರುವಾಗುವ ಮುನ್ನ

ಸೆಪ್ಟೆಂಬರ್ ಬಂತೆಂದರೆ ತಾಸಿತೋನ ಅಂಗಡಿಯಲ್ಲಿ ಚಪ್ಪಲಿ ಹೊಲಿಯುವ ಕೆಲಸ ಅರ್ಧ ನಿಂತೇಹೋಗುತ್ತಿತ್ತು. ಗಿರಾಕಿಗಳು ಬರುತ್ತಿರಲಿಲ್ಲ ಎಂದಲ್ಲ, ಬಂದವರು ಏಳುತ್ತಿರಲಿಲ್ಲ. ಅಕ್ಟೋಬರ್ ನಡುವಿಗೆ ಬೇಸ್‌ಬಾಲ್ ಲೀಗು ಶುರು. ನಮ್ಮ ಪ್ಲಾಯಾ ಓಂದಾ ಊರಿನ ತಂಡಕ್ಕೆ ಬೆಳ್ಳಕ್ಕಿಗಳು ಎಂದು ಹೆಸರು. ಈ ಸಲ ಯಾರು ಯಾರು ಬರುತ್ತಾರೆ, ಯಾರ ಭುಜ ನೆಟ್ಟಗಿದೆ, ಯಾರ ಮೊಣಕಾಲು ಸವೆದಿದೆ, ಹೊಸ ಮ್ಯಾನೇಜರ್ ಗಟ್ಟಿಯೋ ಟೊಳ್ಳೋ ಎಂದು ತಾಸಿತೋ ಹರಿದ ಬೂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ವಿಚಾರಣೆ ನಡೆಸುತ್ತಿದ್ದ. ಪಕ್ಕದ ಕ್ಷೌರದಂಗಡಿ ನನ್ನದು. ನಡುವೆ ಇರುವುದು ಒಂದು ಹಲಗೆ ಗೋಡೆ ಅಷ್ಟೇ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವರೂ ಗೋಡೆಯಾಚೆಗೆ ಕೂಗಿ ವಾದ ಮಾಡುತ್ತಿದ್ದರು.

ಬೆಳ್ಳಕ್ಕಿಗಳು ವರ್ಷ ವರ್ಷವೂ ಕೊನೆಯ ಸ್ಥಾನದಲ್ಲಿ ಉಳಿಯುತ್ತಿದ್ದರು. ಚೆಂಡೆಸೆಯುವ ಒಳ್ಳೆಯ ಪಿಚರ್ ಸಿಕ್ಕಿದ ವರ್ಷ ಬ್ಯಾಟ್ ಬೀಸುವವರಿರಲಿಲ್ಲ, ಬೀಸುವವರು ಬಂದ ವರ್ಷ ಚೆಂಡು ಹಿಡಿಯುವವರಿರಲಿಲ್ಲ. ಆಟ ಶುರುವಾಗುವ ಮೊದಲಿನ ಆ ಒಂದು ತಿಂಗಳು ಮಾತ್ರ ನಾವು ಯಾರಿಗೂ ಸೋತಿರುತ್ತಿರಲಿಲ್ಲ. ಆ ತಿಂಗಳಿಗಾಗಿಯೇ ಬದುಕಿರುವವನ ಹಾಗೆ ಇದ್ದ ತಾಸಿತೋ.

ಮೀನು ಮಾರುವ ವಿರ್ಹಿಲಿಯೋ ಹುಟ್ಟಿದ್ದು ರಾಜಧಾನಿಯಲ್ಲಿ, ಅಭಿಮಾನವೂ ಅಲ್ಲಿಯ ತಂಡದ ಮೇಲೆಯೇ. ಅವನು ಬುಟ್ಟಿ ಇಳಿಸಿ, ಹಿರಿಯರಿಗೆ ಹಚ್ಚುವ ದೋನ್ ಸೇರಿಸಿ ಕೆಣಕುತ್ತಿದ್ದ.

"ಏನ್ ದೋನ್ ತಾಸಿತೋ, ನಿಮ್ ಬೆಳ್ಳಕ್ಕಿಗಳು ಈ ಸಲಾನೂ ಒಂಟಿ ಕಾಲಲ್ಲೇ ನಿಂತಿರೋದಾ?"

"ನಗಪ್ಪಾ ನಗು. ಡಿಸೆಂಬರ್‌ನಲ್ಲಿ ಅಳ್ತಾ ಬರ್ತೀಯಲ್ಲ, ಆಗ ಮೂಗೊರೆಸ್ಕೊಳ್ಳೋಕೆ ಬಟ್ಟೆ ನಾನೇ ಕೊಡ್ತೀನಿ."

"ಹೋದ್ ವರ್ಷಾನೂ ಇದೇ ಅಂದ್ರಿ."

"ಹೋದ್ ವರ್ಷ ನೀನು ಬಂದಿದ್ಯಾ ಬಟ್ಟೆ ಕೇಳೋಕೆ? ಇಲ್ವಲ್ಲ. ಅದು ನನ್ನ ತಪ್ಪಾ?"

ಇಷ್ಟು ತಮಾಷೆಯ ಮನುಷ್ಯ ಮನೆಗೆ ಹೋದರೆ ಆಟದ ಒಂದು ಮಾತನ್ನೂ ಎತ್ತುವ ಹಾಗಿರಲಿಲ್ಲ. ಅವನ ಹೆಂಡತಿ ಎರ್ಸಿಲಿಯಾ, ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವಾಕೆ, ಬೇಸ್‌ಬಾಲ್ ಎಂಬ ಶಬ್ದವನ್ನೇ ಮನೆಯಿಂದ ಹೊರಹಾಕಿದ್ದಳು. ಕಾರಣ ಊರಿಗೆಲ್ಲ ಗೊತ್ತಿತ್ತು.

ಅವರಿಗೆ ಒಬ್ಬನೇ ಮಗ, ಆದೋನಿಸ್. ಕುಳ್ಳ, ಚುರುಕು, ಬಾಯಿ ತುಂಬ ನಗು. ಅವನ ಜೋಡಿ ಯೊಹಾಂದ್ರಿ, ಹಿಂದಿನ ಬೀದಿಯ ಮಿರೇಯಾಳ ಮಗ. ಚೆಂಡು ತಡೆಯಲು ಎರಡನೆಯ ಬೇಸಿನಲ್ಲಿ ಆದೋನಿಸ್, ಅದರ ಪಕ್ಕ ಶಾರ್ಟ್‌ಸ್ಟಾಪ್ ಜಾಗದಲ್ಲಿ ಯೊಹಾಂದ್ರಿ. ನೆಲಕ್ಕಂಟಿಕೊಂಡು ಬಂದ ಚೆಂಡು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದನ್ನು ನೋಡಿದರೆ, ಇವರು ಒಂದೇ ತೊಟ್ಟಿಲಲ್ಲಿ ಮಲಗಿದ್ದರೇನೋ ಅನ್ನಿಸುತ್ತಿತ್ತು. ಊಟ ಇಬ್ಬರದೂ ಎರ್ಸಿಲಿಯಾಳ ಮನೆಯಲ್ಲೇ.

ಹುಡುಗರನ್ನು ಸಾಕಿ, ತರಬೇತಿ ಕೊಟ್ಟು, ಅಮೆರಿಕದ ತಂಡಗಳಿಗೆ ತೋರಿಸುವ ದಲ್ಲಾಳಿಗಳು ನಮ್ಮ ಕಡೆ ಬೇಕಾದಷ್ಟು ಮಂದಿ. ಅಂಥ ಒಬ್ಬ ಇವರಿಬ್ಬರನ್ನೂ ಹಿಡಿದ. ಮೈ ತುಂಬಲಿ, ಚೆಂಡು ದೂರ ಹೋಗಲಿ ಎಂದು ಕುದುರೆಗೆ ಕೊಡುವ ಔಷಧವನ್ನು ಸೂಜಿಯಲ್ಲಿ ತುಂಬಿಸಿ ಕೊಟ್ಟ. ಆದೋನಿಸ್‌ನ ತೊಡೆ ಬಾತುಕೊಂಡಿತು, ಆಮೇಲೆ ಜ್ವರ, ಆಮೇಲೆ ರಕ್ತವೆಲ್ಲ ನಂಜು. ಅಮೆರಿಕದ ತಂಡದವರು ಹುಡುಗರನ್ನು ನೋಡಲು ಬಂದ ದಿನ ಅವನು ಆಸ್ಪತ್ರೆಯಲ್ಲಿದ್ದ. ಆ ದಿನ ಯೊಹಾಂದ್ರಿಯನ್ನು ಆರಿಸಿದರು. ಅದೇ ವಾರ ಆದೋನಿಸ್ ತೀರಿಕೊಂಡ. ಹದಿನೇಳು ವಯಸ್ಸು. ದಲ್ಲಾಳಿ ಊರು ಬಿಟ್ಟವನು ಮತ್ತೆ ಕಾಣಿಸಲಿಲ್ಲ.

ಅದಾದ ಮೇಲೂ ತಾಸಿತೋ ರೇಡಿಯೋ ಹಚ್ಚುತ್ತಿದ್ದುದು ಎರ್ಸಿಲಿಯಾಳಿಗೆ ಅರ್ಥವೇ ಆಗಲಿಲ್ಲ.

"ಆ ಆಟ ನನ್ ಮಗನ್ನ ನುಂಗ್ತು. ನೀನು ಅದರ ಮುಂದೇನೇ ಕಿವಿ ಕೊಟ್ಕೊಂಡು ಕೂತಿದ್ಯಲ್ಲ, ನಿನ್ನ ಎದೇಲಿ ಏನಿದೆ ಹೇಳು," ಎಂದು ಒಮ್ಮೆ ಬೀದಿಗೆ ಕೇಳುವ ಹಾಗೆ ಕೇಳಿದ್ದಳು. ಅವನು ರೇಡಿಯೋ ಎತ್ತಿಕೊಂಡು ಅಂಗಡಿಗೆ ಬಂದ. ಅಂದಿನಿಂದ ಅದು ಅಲ್ಲೇ. ನನ್ನ ಹತ್ತಿರ ಮಾತ್ರ ಹೇಳಿದ, "ಅವನಿಗೆ ಬೆಳ್ಳಕ್ಕಿಗಳ ಅಂಗಿ ಹಾಕ್ಕೋಬೇಕು ಅಂತಿತ್ತು ಕಣಯ್ಯಾ, ಅಮೆರಿಕ ಗಿಮೆರಿಕ ಎಲ್ಲ ಆಮೇಲೆ. ನಾನೂ ಬಿಟ್ಬಿಟ್ರೆ ಅವನ್ ಆಸೇನ ಇಟ್ಕೊಳ್ಳೋರ್ ಯಾರು?"

ನಾಲ್ಕು ವರ್ಷ ಹೀಗೇ ಕಳೆಯಿತು. ಹೋದ ವರ್ಷದ ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಸುದ್ದಿ ಬಂತು, ಈ ಚಳಿಗಾಲ ಯೊಹಾಂದ್ರಿ ಬೆಳ್ಳಕ್ಕಿಗಳ ಪರ ಆಡುತ್ತಾನೆ ಎಂದು. ಅಮೆರಿಕದಲ್ಲಿ ಅವನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದ, ಪತ್ರಿಕೆಗಳಲ್ಲಿ ಫೋಟೋ ಬರುತ್ತಿತ್ತು. ತಾಸಿತೋ ಆ ಸುದ್ದಿ ಕೇಳಿ ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಅಂದು ಅವನು ಏನೂ ವಾದ ಮಾಡಲಿಲ್ಲ. ವಿರ್ಹಿಲಿಯೋ ಕೂಡ ಕೆಣಕಲಿಲ್ಲ.

ಊರಿಗೆ ಬಂದ ಮರುದಿನವೇ ಹುಡುಗ ಅಂಗಡಿಯ ಬಾಗಿಲಲ್ಲಿ ನಿಂತ. ಎತ್ತರ ಬೆಳೆದಿದ್ದ, ಭುಜ ಬಾಗಿಲಿನ ಅಗಲಕ್ಕಿತ್ತು. ಕೈಯಲ್ಲೊಂದು ಹರಿದ ಗ್ಲವ್.

"ಆಶೀರ್ವಾದ ಮಾಡಿ ದೋನ್ ತಾಸಿತೋ. ಇದನ್ನ ಸ್ವಲ್ಪ ಹೊಲಿದ್ಕೊಡ್ತೀರಾ?"

"ದೇವರು ಒಳ್ಳೇದ್ ಮಾಡ್ಲಿ ಮಗನೇ. ಅಲ್ಲಿ ನಿಮಗೆ ಹೊಸಾ ಗ್ಲವ್ ಕೊಡಲ್ವೇನೋ?"

"ಕೊಡ್ತಾರೆ. ಕೈಗೆ ಇದೇ ಬೇಕು ಅನ್ಸುತ್ತೆ."

ತಾಸಿತೋ ಅವನನ್ನು ಮನೆಗೆ ಕರೆದುಕೊಂಡು ಹೋದ. ಎರ್ಸಿಲಿಯಾ ಬಾಗಿಲು ತೆರೆದವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳಂತೆ. ಆಮೇಲೆ ಒಂದೇ ಮಾತು, "ತಿಂದಿದ್ಯಾ?" ಬಾಳೆಕಾಯಿ ಬೇಯಿಸಿ ಜಜ್ಜಿ, ಮೇಲೆ ಈರುಳ್ಳಿ ಹುರಿದು ಹಾಕಿ, ಎರಡು ಮೊಟ್ಟೆ ಕರಿದುಕೊಟ್ಟಳು. ಅವನು ತಲೆ ಎತ್ತದೆ ತಿಂದ. ಅಂದಿನಿಂದ ಅಭ್ಯಾಸ ಮುಗಿಸಿ ದಿನಾ ಮಧ್ಯಾಹ್ನ ಅಲ್ಲೇ ಊಟ.

ಆ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ತಾಸಿತೋ ಅಂಗಡಿಗೆ ಬಂದು ಹೇಳುತ್ತಿದ್ದ, "ನಿನ್ನೆ ಅವಳೇ ಕೇಳಿದ್ಲು ಕಣೋ, ಈ ಸಲ ಪಿಚರ್ ಯಾರು ಅಂತ!" ಮೈದಾನದಲ್ಲಿ ಬೆಳ್ಳಕ್ಕಿಗಳು ಅಭ್ಯಾಸದ ಪಂದ್ಯವೊಂದನ್ನು ಗೆದ್ದರು, ಇನ್ನೊಂದನ್ನು ಗೆದ್ದರು. ಅಭ್ಯಾಸದ ಪಂದ್ಯದ ಗೆಲುವಿಗೆ ಬೆಲೆಯಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಕಿರಾಣಿ ಅಂಗಡಿಯ ಮುಂದೆ ರಮ್ಮಿನ ಬಾಟಲಿ ಕೈಯಿಂದ ಕೈಗೆ ಹೋಯಿತು. ಮೂರನೆಯದಕ್ಕೆ ಎರ್ಸಿಲಿಯಾ ಬಂದಳು. ಮಗ ಸತ್ತ ಮೇಲೆ ಮೊದಲ ಸಲ. ಹಳದಿ ಉಡುಗೆ ಹಾಕಿ, ಗಂಡನ ಪಕ್ಕ, ನೆರಳಿನ ಕಡೆಯ ಬೆಂಚಿನ ಮೇಲೆ ಕೂತಳು. ಐದನೇ ಇನಿಂಗ್ಸಿನಲ್ಲಿ ಯೊಹಾಂದ್ರಿ ಅಡ್ಡಕ್ಕೆ ಹಾರಿ ಬಿದ್ದು, ಚೆಂಡು ಹಿಡಿದು, ಮಂಡಿಯ ಮೇಲಿಂದಲೇ ಎರಡನೆಯ ಬೇಸಿಗೆ ಎಸೆದ. ಅವಳು ಎದ್ದು ನಿಂತು ಚಪ್ಪಾಳೆ ಹೊಡೆದಳು. ಅವನು ಎಸೆದ ಕಡೆ ನೋಡಿದಳು, ಮೆಲ್ಲಗೆ ಕೂತಳು. ಎರಡನೆಯ ಬೇಸಿನಲ್ಲಿ ಯಾರೋ ಬೇರೆ ಊರಿನ ಹುಡುಗನಿದ್ದ.

ಪಂದ್ಯ ಮುಗಿದ ಮೇಲೆ ಬೇಲಿಯ ಹತ್ತಿರ ಯೊಹಾಂದ್ರಿಯ ಬೆವರಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಹೇಳಿದ್ದನ್ನು ನಾನೇ ಕೇಳಿದೆ. "ಅವನನ್ನ ಕರ್ಕೊಂಡ, ನಿನ್ನನ್ನ ನನಗೋಸ್ಕರ ಉಳಿಸ್ದ. ದೇವರ ಮೇಲೆ ಇನ್ನು ಕೋಪ ಇಲ್ಲಪ್ಪಾ ನನಗೆ." ಹುಡುಗನ ಮುಖ ಬಿಳಿಚಿಕೊಂಡಿತು. ದಣಿದಿದ್ದಾನೆ ಅಂದುಕೊಂಡೆ.

ಲೀಗಿಗೆ ಇನ್ನು ವಾರವೂ ಇರಲಿಲ್ಲ, ಅಮೆರಿಕದಿಂದ ಅವನ ತಂಡದವರ ಆಜ್ಞೆ ಬಂತು. ಬೇಸಿಗೆಯಲ್ಲಿ ತುಂಬ ಆಡಿದ್ದಾನೆ, ಮೈಗೆ ವಿಶ್ರಾಂತಿ ಬೇಕು, ಚಳಿಗಾಲದಲ್ಲಿ ಆಡಕೂಡದು, ಕೂಡಲೇ ವಾಪಸು ಹೊರಡಬೇಕು. ಅವರ ಮಾತಿಗೆ ಎದುರಾಡುವ ಹಾಗಿಲ್ಲ. ಸುದ್ದಿ ಊರಿಗೆ ಹರಡುವ ಮೊದಲೇ, ಬೆಳಿಗ್ಗೆ, ಹುಡುಗ ತಾಸಿತೋನ ಅಂಗಡಿಗೆ ಬಂದ. ನಾನಿನ್ನೂ ಅಂಗಡಿಯ ನೆಲ ಗುಡಿಸುತ್ತಿದ್ದೆ. ಹಲಗೆ ಗೋಡೆ ಏನನ್ನೂ ತಡೆಯುವುದಿಲ್ಲ.

"ಹೋಗ್ಲಿ ಬಿಡೋ," ಎಂದ ತಾಸಿತೋ. ನಗಿಸಲು ನೋಡಿದ. "ಬೆಳ್ಳಕ್ಕಿಗಳು ಸೋಲೋದೇನು ಹೊಸದಾ? ಮುಂದಿನ ವರ್ಷ ಬಾ. ಎರ್ಸಿಲಿಯಾಗೆ ಹೇಳಿದ್ಯಾ? ಇವತ್ತು ನಿನಗೆ ಅಂತ ತೆಂಗಿನ ಹಾಲಲ್ಲಿ ಮೀನು ಮಾಡ್ತಿದಾಳೆ."

"ನಾನು ಅಲ್ಲಿಗೆ ಹೋಗಲ್ಲ ದೋನ್ ತಾಸಿತೋ. ಅವರ ಕೈಯೂಟ ಇನ್ನು ನನಗೆ ಗಂಟಲಲ್ಲಿ ಇಳಿಯಲ್ಲ."

"ಯಾಕೋ?"

ಹುಡುಗ ಒಂದೇ ಉಸಿರಿಗೆ ಹೇಳಿದ. ದಲ್ಲಾಳಿ ಇಬ್ಬರ ಕೈಗೂ ತುಂಬಿದ ಸೂಜಿ ಕೊಡುತ್ತಿದ್ದ, ಚುಚ್ಚಿಕೊಳ್ಳುವುದು ಅವರೇ. ಯೊಹಾಂದ್ರಿಗೆ ಚಿಕ್ಕಂದಿನಿಂದ ಸೂಜಿಯ ಭಯ. ಬೇಡ ಎಂದರೆ ದಲ್ಲಾಳಿ ತಂಡದಿಂದ ಓಡಿಸುತ್ತಾನೆ. ಅದಕ್ಕೇ ತನ್ನ ಪಾಲನ್ನೂ ಆದೋನಿಸ್‌ಗೇ ಕೊಡುತ್ತಾ ಬಂದ.

"ನೀನು ಕುಳ್ಳ, ನಿನಗೇ ಜಾಸ್ತಿ ಬೇಕು, ತಗೋ ಅಂದೆ. ತಮಾಷೆಗೆ ಅಂದೆ. ಅವನೂ ನಕ್ಕ. ಹೆದರುಪುಕ್ಲ ಅಂತ ಬೈದು ಹಾಕ್ಕೊಂಡ. ಪ್ರತಿ ಸಲಾನೂ ಹಾಗೇ. ಮೊನ್ನೆ ದೋನ್ಯಾ ಎರ್ಸಿಲಿಯಾ ನನ್ ಮುಖ ಹಿಡ್ಕೊಂಡು ಹಾಗಂದ್ರಲ್ಲ... ನಾನು ಇದನ್ನ ಇನ್ನು ಹೊತ್ಕೊಂಡು ಓಡಾಡಕ್ಕೆ ಆಗಲ್ಲ."

"ನಿಮ್ಮಮ್ಮಂಗೆ ಗೊತ್ತಾ?"

"ಅವತ್ತಿಂದಾನೂ ಗೊತ್ತು."

ಮಿರೇಯಾ ಇಷ್ಟು ವರ್ಷ ಎರ್ಸಿಲಿಯಾಳನ್ನು ಕಂಡರೆ ಯಾಕೆ ಬೀದಿ ಬದಲಿಸುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ತಾಸಿತೋ ಬೈಯಲಿಲ್ಲ, ಅಳಲಿಲ್ಲ, ಹುಡುಗನನ್ನು ತಬ್ಬಿಕೊಳ್ಳಲೂ ಇಲ್ಲ. ಮತ್ತೆ ಹರಿದು ಬಂದಿದ್ದ ಗ್ಲವ್ ಹೊಲಿದಿಟ್ಟಿದ್ದ, ಅದನ್ನು ತೆಗೆದು ಕೊಟ್ಟದ್ದು ಹಲಗೆಯ ಸಂದಿಯಲ್ಲಿ ಕಂಡಿತು.

"ಬಸ್ಸಿಗೆ ಹೊತ್ತಾಯ್ತು. ಹೋಗು," ಎಂದ.

ಮಧ್ಯಾಹ್ನ ಅವನು ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಮುಚ್ಚಿಡಬಹುದಿತ್ತಲ್ಲ ಎಂದು ಆಮೇಲೆ ನಾನು ಕೇಳಿದೆ. ಮೇಜಿನ ಮೇಲೆ ಮೂರು ತಟ್ಟೆ ಇತ್ತು, ಹೇಗೆ ಮುಚ್ಚಿಡಲಿ ಎಂದ.

ಎರ್ಸಿಲಿಯಾ ಒಲೆ ಆರಿಸಿದಳು. ಕುರ್ಚಿಯ ಮೇಲೆ ಕೂತಳು. ಹುಡುಗನಿಗೆ ಶಾಪ ಹಾಕುತ್ತಾಳೆ ಎಂದು ತಾಸಿತೋ ಕಾದ.

"ಆ ಮಗು ಸೂಜಿಗೆ ಹೆದರಿತು," ಎಂದಳು. "ಹೆದರಿದ್ದಕ್ಕೆ ಬದುಕ್ತು. ನಮ್ಮವನು ಯಾಕೆ ಹೆದರ್ಲಿಲ್ಲ ತಾಸಿತೋ? ಗಂಡಸಾದವನು ನೋವಿಗೆ ಅಂಜಬಾರ್ದು, ಕೈ ಮುರಿದ್ರೂ ಆಡ್ಬೇಕು ಅಂತ ಈ ಮೇಜಿನ ಮುಂದೆ ಕೂತು ಅವನಿಗೆ ದಿನಾ ಹೇಳ್ಕೊಟ್ಟಿದ್ದು ಯಾರು?"

ಅವಳು ಎದ್ದಳು. ಮೀನನ್ನು ಪಾತ್ರೆಯ ಸಮೇತ ಪಕ್ಕದ ಮನೆಗೆ ಕೊಟ್ಟು ಬಂದು, ಹೊಲಿಗೆ ಯಂತ್ರದ ಮುಂದೆ ಕೂತಳು.

ಲೀಗಿನ ಮೊದಲ ದಿನ ನಾವು ತಾಸಿತೋನನ್ನು ಎಳೆದುಕೊಂಡು ಹೋದೆವು. ಬೆಳ್ಳಕ್ಕಿಗಳು ಮೊದಲ ಇನಿಂಗ್ಸಿನಲ್ಲೇ ನಾಲ್ಕು ರನ್ ಬಿಟ್ಟುಕೊಟ್ಟರು. ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತ ಮುದುಕನಂಥ ಆಟಗಾರನ ಕಾಲಡಿಯಿಂದ ಚೆಂಡು ನುಸುಳಿ ಹೋದಾಗ ಇಡೀ ಮೈದಾನ ಯೊಹಾಂದ್ರಿಯ ಹೆಸರೆತ್ತಿ ನಿಟ್ಟುಸಿರುಬಿಟ್ಟಿತು. ಪಂದ್ಯ ಎಷ್ಟೇ ಕೆಟ್ಟರೂ ಕೊನೆಯ ಚೆಂಡಿನವರೆಗೆ ಕೂರುವವನು ತಾಸಿತೋ. ಅಂದು ಅರ್ಧಕ್ಕೇ ಎದ್ದ. "ಚಪ್ಪಲಿ ಕೊಡ್ಬೇಕು ಒಬ್ರಿಗೆ," ಎಂದು ಹೋದ. ಆಮೇಲೆ ಅವನನ್ನು ಆ ಬೆಂಚಿನ ಮೇಲೆ ನಾನು ಕಂಡಿಲ್ಲ.

ಬೆಳ್ಳಕ್ಕಿಗಳು ಆ ವರ್ಷವೂ ಕೊನೆಯವರಾದರು. ಕ್ರಿಸ್‌ಮಸ್ ಕಳೆದ ಮೇಲೆ ಎರ್ಸಿಲಿಯಾ ಒಬ್ಬಳೇ ಮಿರೇಯಾಳ ಮನೆಗೆ ಹೋಗಿ ಕೂತು ಬಂದಳು. ಏನು ಮಾತಾಯಿತು ಎಂದು ಗಂಡ ಕೇಳಿದ್ದಕ್ಕೆ, "ಕಾಫಿ ಕೊಟ್ಲು, ಕುಡಿದೆ," ಎಂದಳಂತೆ. ಮುಂದಿನ ಸೆಪ್ಟೆಂಬರ್‌ನಲ್ಲಿ ಗಿರಾಕಿಗಳು ಎಂದಿನ ಹಾಗೆ ಬಂದು ಕೂತರು, ಪಿಚರ್ ಹೇಗೆ, ಮ್ಯಾನೇಜರ್ ಹೇಗೆ ಎಂದು ಕೇಳಿದರು. ತಾಸಿತೋ ಬಾಯಲ್ಲಿ ಮೊಳೆ ಕಚ್ಚಿಕೊಂಡು ಅಟ್ಟೆ ಬಡಿಯುತ್ತಿದ್ದ. ಒಬ್ಬೊಬ್ಬರೇ ಎದ್ದು ನನ್ನ ಅಂಗಡಿಗೆ ಬಂದರು. ಇಲ್ಲಿ ಆ ಕಳೆ ಇಲ್ಲ. ನನಗೆ ಅವನ ಹಾಗೆ ಮಾತಾಡಲು ಬರುವುದಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಯೊಹಾಂದ್ರಿ ಅಮೆರಿಕದ ದೊಡ್ಡ ಲೀಗಿಗೆ ಏರಿದ. ಪ್ಲಾಯಾ ಓಂದಾದಿಂದ ಅಷ್ಟೆತ್ತರ ಏರಿದವನು ಇವನೊಬ್ಬನೇ. ಊರು ಹುಚ್ಚೆದ್ದಿತು. ಲಾರಿ, ಮೋಟಾರ್ ಬೈಕು, ತಮಟೆ, ಹಾರ್ನು, ಮಿರೇಯಾಳನ್ನು ಎಲ್ಲಕ್ಕಿಂತ ಮುಂದಿನ ಲಾರಿಯಲ್ಲಿ ನಿಲ್ಲಿಸಿಕೊಂಡು ಮೆರವಣಿಗೆ. ತಾಸಿತೋನ ಮನೆ ಹತ್ತಿರವಾಗುತ್ತಿದ್ದಂತೆ ಯಾರೂ ಹೇಳದೆಯೇ ಹಾರ್ನುಗಳು ನಿಂತವು. ತಮಟೆಯವರು ಕೈ ಇಳಿಸಿದರು. ಲಾರಿಗಳು ಸದ್ದಿಲ್ಲದೆ ಉರುಳತೊಡಗಿದವು.

ಎರ್ಸಿಲಿಯಾ ಹೊರಗೆ ಬಂದಳು, ಹಿಂದೆಯೇ ತಾಸಿತೋ. ಕುತ್ತಿಗೆಯಲ್ಲಿ ಅಳತೆಯ ಪಟ್ಟಿ ನೇತಾಡುತ್ತಿತ್ತು. ಲಾರಿಯ ಮೇಲಿದ್ದ ಮಿರೇಯಾಳನ್ನು ನೋಡಿದಳು. ಮಿರೇಯಾ ತಲೆ ತಗ್ಗಿಸಿದಳು.

"ಯಾಕ್ರೋ ನಿಲ್ಲಿಸಿದ್ರಿ?" ಎಂದಳು ಎರ್ಸಿಲಿಯಾ. "ಹುಡುಗ ಗೆದ್ದಿದಾನೆ. ಬಾರಿಸಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮಟೆ ಮತ್ತೆ ಶುರುವಾಯಿತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಮುಚ್ಚಿದ ಬಾಗಿಲಿನ ಮುಂದೆ, ಮೆಟ್ಟಿಲ ಮೇಲೆ, ತಾಸಿತೋ ಒಬ್ಬನೇ ನಿಂತಿದ್ದ. ಮೆರವಣಿಗೆ ಚರ್ಚಿನ ಮೂಲೆ ತಿರುಗುವವರೆಗೂ ನಿಂತೇ ಇದ್ದ.