ಪಾರ್ಟ್ಸ್ ಅಂಗಡಿಯವರ ಕೆಂಪು ಉಗುರು

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪಗಿರುತ್ತಿತ್ತು. ಹೆಂಗಸರು ಹಚ್ಚುವ ನೇಲ್ ಪಾಲಿಶ್. ಹಿಂದೂಪುರದಲ್ಲಿ ಹಳೇ ಕಾರುಗಳ ಪಾರ್ಟ್ಸ್ ಮಾರುತ್ತಿದ್ದವರು, ಮೊಮ್ಮಕ್ಕಳನ್ನು ಕಂಡ ಗಂಡಸು. ಮೊದಲ ಸಲ ಯಜಮಾನರ ಜೊತೆ ಹೋದಾಗಲೇ ಕೇಳಿಬಿಟ್ಟೆ, "ಏನಪ್ಪಾ, ಬಳೆ ಯಾವಾಗ ತೊಡ್ತೀಯ?"

"ನಿಮ್ಮ ಕಾರು ಕೆಡದಂಗೆ ಓಡೋದಾದ್ರೆ ಅದನ್ನೂ ತೊಡ್ತೀನಿ ಕಣಕ್ಕಾ," ಅಂದರು.

ನಮ್ಮದು ಕಲ್ಯಾಣದುರ್ಗ. ಯಜಮಾನರು ಬಿಟ್ಟುಹೋದ ಬಿಳಿ ಅಂಬಾಸಡರನ್ನು ಮಗ ಮದುವೆಗಳಿಗೆ ಓಡಿಸುತ್ತಾನೆ. ಈಗಿನ ಮದುಮಕ್ಕಳಿಗೆ ಫೋಟೋದಲ್ಲಿ ಹಳೇ ಕಾರೇ ಬೇಕು. ನಮ್ಮ ಅನ್ನ ಅದರಲ್ಲೇ. ಬೆಳುಗುಪ್ಪದ ಮದುವೆಯೊಂದನ್ನು ಒಪ್ಪಿಕೊಂಡ ಮೇಲೆ ಇಂಜಿನ್ನಿನ ಮುಂದೆ ಗಲಗಲ ಶುರುವಾಯಿತು. ಟೈಮಿಂಗ್ ಚೈನ್ ಸವೆದಿದೆ ಅಂದ ಮೆಕ್ಯಾನಿಕ್. ಹಳೇ ಚೈನು, ಅದು ಕೂರುವ ಎರಡು ಹಲ್ಲಿನ ಚಕ್ರ ಚೀಲಕ್ಕೆ ಹಾಕಿಕೊಂಡು ಮಗನೂ ನಾನೂ ಹೋದೆವು. ಹಳೆಯದು ತರದಿದ್ದರೆ ಅವರು ಹೊಸದನ್ನು ತೋರಿಸುತ್ತಲೇ ಇರಲಿಲ್ಲ.

ಹಳೇ ಚೈನಿನ ಒಂದು ತುದಿ ಹಿಡಿದು ಗಾಳಿಯಲ್ಲಿ ಅಡ್ಡಲಾಗಿ ಎತ್ತಿದರು. ಇನ್ನೊಂದು ತುದಿ ಬಾಡಿದ ಹುರುಳಿಕಾಯಿಯಂತೆ ಜೋತುಬಿತ್ತು.

"ಚೈನ್ ಒಂದೇ ಸಾಕು ಮಾವ," ಅಂದ ಮಗ.

"ಕೊಡಲ್ಲ ಕಣಪ್ಪ. ಮಗ್ಗದ ಸವೆದ ಹಣಿಗೆಗೆ ನಮ್ಮಪ್ಪ ಯಾವತ್ತೂ ಹೊಸ ನೂಲಿನ ಹಾಸು ಹಾಕ್ಲಿಲ್ಲ. ಎಳೆ ಕಿತ್ತೋಯ್ತವೆ. ಈ ಚಕ್ರದ ಹಲ್ಲು ನೋಡು, ಮುಳ್ಳಾಗ್ಬುಟ್ಟವೆ." ಅವರದು ಮಗ್ಗದ ಮನೆ.

ಹೊಳೆಯುವ ಡಬ್ಬದ ಸೆಟ್ಟೊಂದನ್ನು ನಾನು ತೋರಿಸಿದೆ.

"ಡಬ್ಬ ಓಡಿಸ್ತೀರಾ, ಕಾರು ಓಡಿಸ್ತೀರಾ?" ಅಂದರು. ಹೊಸ ಚೈನನ್ನು ಚಕ್ರಕ್ಕೆ ಸುತ್ತಿ ಎಳೆದು ನೋಡಿದರು. ಹಲ್ಲು ಬಿಟ್ಟು ಮೇಲೆದ್ದದ್ದನ್ನೆಲ್ಲ ಪಕ್ಕಕ್ಕಿಟ್ಟರು. ಕೊನೆಗೆ ಕಪ್ಪು ಮೋರೆಯ ಸೆಟ್ಟೊಂದು ಗೆದ್ದಿತು. ಹೊಂದಿಸಿ ಕೂರಿಸೋದಕ್ಕೆ ಎರಡೂ ಚಕ್ರಗಳ ಮೇಲೆ ಒಂದೊಂದು ಸಣ್ಣ ಗುರುತಿರುತ್ತದೆ. ಅದರ ಮೇಲೆ ನೇಲ್ ಪಾಲಿಶ್ ಚುಕ್ಕೆ ಇಟ್ಟು, ಕಡ್ಡಿಯಲ್ಲಿ ಉಳಿದದ್ದನ್ನು ಉಗುರಿಗೆ ಸವರಿಕೊಂಡರು. "ಕೆಂಪಿಗೆ ಕೆಂಪು ಎದುರುಬದುರು ಕೂರಿಸು ಅಂತ ಮೆಕ್ಯಾನಿಕ್‌ಗೆ ಹೇಳಪ್ಪ, ಅಷ್ಟೇ."

ಮಗ ಹಾಗೇ ಹೇಳಿದ. ಆದರೆ ಹೊಸ ಕಬ್ಬಿಣ ಮನೆಗೆ ಬಂದರೆ ಪೂಜೆ ಮಾಡದೆ ಮುಟ್ಟುವವರಲ್ಲ ನಾವು. ಸೊಸೆ ಎಣ್ಣೆಯಲ್ಲಿ ಕುಂಕುಮ ಕಲಸಿ ಎರಡೂ ಚಕ್ರದ ಸುತ್ತ ಬೊಟ್ಟಿಟ್ಟಿದ್ದಳು. ಮೆಕ್ಯಾನಿಕ್ ಯಾವುದೋ ಕೆಂಪಿಗೆ ಯಾವುದೋ ಕೆಂಪು ಕೂರಿಸಿ ಮುಚ್ಚಿದ.

ಕಾರು ಕೆಮ್ಮಿತು, ಸೀನಿತು, ಸ್ಟಾರ್ಟ್ ಆಗಲಿಲ್ಲ. ಬೆಳಗಾದರೆ ಮದುವೆ. ಮಗ ತಲೆ ಹಿಡಿದು ಕೂತ. ನಾನೇ ಅಂಗಡಿಗೆ ಫೋನ್ ಮಾಡಿದೆ.

"ಹ್ಯಾಂಡಲ್ ಹಾಕಿ ತಿರುಗಿಸಿದ್ರಾ? ಒಳಗೆ ಏನಾದ್ರೂ ತಗಲ್ತಾ?"

"ತಿರುಗಿಸಿದ್ವಿ. ಏನೂ ತಗಲ್ಲಿಲ್ಲ."

"ಬದುಕ್ತು ಬಿಡಕ್ಕಾ, ಇಂಜಿನ್‌ಗೆ ಏನೂ ಆಗಿಲ್ಲ. ಪೂಜೆ ಮಾಡಿದ್ರಾ?"

"ಮಾಡ್ದೆ ಇರ್ತೀವಾ?"

ಆ ಕಡೆಯಿಂದ ನಗು. "ಅಯ್ಯೋ ದೇವುಡಾ! ಬಿಚ್ಚಿ, ಬಟ್ಟೇಲಿ ಒರೆಸ್ರಿ. ಹೋಗೋದು ದೇವ್ರದು. ಹೋಗ್ದೆ ಇರೋದು ನಂದು."

ಮೆಕ್ಯಾನಿಕ್ ಬಿಚ್ಚಿ ಒರೆಸಿದ. ಎರಡೇ ಚುಕ್ಕೆ ಉಳಿದವು, ಅವನ್ನು ಎದುರುಬದುರು ಕೂರಿಸಿದ. ಹೊತ್ತು ಮುಳುಗುವ ಮುಂಚೆ ಕಾರು ಸ್ಟಾರ್ಟ್ ಆಯಿತು, ಗಲಗಲವೂ ಇಲ್ಲ. ಸೊಸೆ ಅತ್ತಳು. ನಾನು ಅನ್ನಕ್ಕಿಟ್ಟೆ, ಬೆಳಗಿನಿಂದ ಯಾರೂ ಉಂಡಿರಲಿಲ್ಲ. ಮದುಮಗ ಹೊತ್ತಿಗೆ ಸರಿಯಾಗಿ ಮಂಟಪ ಸೇರಿದ.

ಹೋದ ವರ್ಷ ಆ ಅಂಗಡಿಯವರು ತೀರಿಕೊಂಡರು. ಅದೇ ಕಾರಿನಲ್ಲಿ ಹೋದೆವು. ಸ್ನಾನ ಮಾಡಿಸಿ ಮಲಗಿಸಿದ್ದರು. ನಾನು ಮುಖ ನೋಡುವ ಮೊದಲು ಕೈ ನೋಡಿದೆ. ಹೆಬ್ಬೆರಳಿನ ಕೆಂಪು ಹೋಗಿರಲಿಲ್ಲ.

ಹೊರಗೆ ಬಂದು, ಕಾರು ತೆಗೆಯೋ ಅಂದೆ ಮಗನಿಗೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.