ಅಕ್ಕನ ಕಾರಿಗೆ ಬಂದ ಚೆಕ್

ಅಕ್ಕನ ಕಾರಿಗೆ ಬಂದ ಚೆಕ್ ಬೌನ್ಸ್ ಆದದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಒಂದೂವರೆ ತಿಂಗಳು ಮುಚ್ಚಿಟ್ಟೆ.

ನಾನು ಓದಿದ್ದು ಏಳನೇ ಕ್ಲಾಸು. ಬನಶಂಕರಿಯಲ್ಲಿ ಹಳೇ ಕಾರುಗಳ ಬ್ರೋಕರ್. ಎರಡು ವರ್ಷದ ಹಿಂದೆ ಗೀತಕ್ಕ ತನ್ನ ಕಾರು ಮಾರಿಕೊಡು ಎಂದಳು. ಹೊಸಕೆರೆಹಳ್ಳಿಯಲ್ಲಿ ಟೈಲರಿಂಗ್ ಅಂಗಡಿ ಹಿಡಿಯಲು ಅವಳಿಗೆ ಅಡ್ವಾನ್ಸ್ ಬೇಕಿತ್ತು. ಮಾರುವುದಕ್ಕೆ ಅವಳ ಬಳಿ ಬೇರೇನೂ ಇರಲಿಲ್ಲ.

ಅರೆಕೆರೆಯ ಡೀಲರ್ ಪ್ರಕಾಶ ಅವಳ ಹೆಸರಿಗೆ ಚೆಕ್ ಬರೆದ. ದುಡ್ಡು ಖಾತೆಗೆ ಬೀಳುವ ಮೊದಲು ಕೀ ಕೊಡಬೇಡಿ ಎಂದು ಗಿರಾಕಿಗಳಿಗೆಲ್ಲ ಹೇಳುವವನು ನಾನು. ಅವತ್ತು ಕೀ, ಅಕ್ಕ ಸಹಿ ಹಾಕಿದ್ದ ಆರ್‌ಟಿಓ ಫಾರಂ, ಎಲ್ಲ ಕೊಟ್ಟುಬಿಟ್ಟೆ. ನನ್ನ ಅರ್ಧ ವ್ಯಾಪಾರ ಅವನಿಂದಲೇ ಬರುತ್ತಿತ್ತು.

ಅಕ್ಕನ ಖಾತೆಗೆ ನನ್ನ ಮೊಬೈಲ್ ನಂಬರ್ ಕೊಟ್ಟಿದ್ದರಿಂದ, ಚೆಕ್ ವಾಪಸಾದ ಮೆಸೇಜು ನನಗೇ ಬಂತು. ಬ್ಯಾಂಕಿಗೆ ಹೋಗಿ ಚೆಕ್ಕನ್ನೂ, ಅವನ ಖಾತೆಯಲ್ಲಿ ಹಣವಿಲ್ಲ ಎಂಬ ಮೆಮೋವನ್ನೂ ತಂದೆ. ಅಕ್ಕ ಕೇಳಿದಾಗಲೆಲ್ಲ "ಕ್ಲಿಯರಿಂಗ್ ಲೇಟು" ಎಂದೆ. ಕೊನೆಗೆ ಅವಳೇ ಅರೆಕೆರೆಗೆ ಹೊರಟಳು. ನಾನೂ ಹಿಂದೆ ಹೋದೆ.

ಪ್ರಕಾಶ ಕುರ್ಚಿ ಬಿಟ್ಟು ಏಳಲಿಲ್ಲ. "ಏನ್ ಮೇಡಂ, ಗಲಾಟೆ ಮಾಡಕ್ಕೆ ಬಂದ್ರಾ? ಚೆಕ್ ಬೌನ್ಸ್ ಆಗಿ ತಿಂಗಳ ಮೇಲಾಯ್ತು. 'ಆರಾಮಾಗಿ ಕೊಡಣ್ಣ, ನಮ್ಮಕ್ಕಂಗೆ ನಾನ್ ಹೇಳ್ಕೋತೀನಿ' ಅಂದಿದ್ದು ನಿಮ್ ತಮ್ಮಾನೇ. ಕೇಳಿ."

ಅಕ್ಕ ನನ್ನ ಕಡೆ ತಿರುಗಿದಳು. "ನೀನ್ ಯಾರ್ ಕಡೆ ಬ್ರೋಕರೋ?"

ಅಲ್ಲಿದ್ದ ಹುಡುಗರೆಲ್ಲ ನಕ್ಕರು.

ಜಯನಗರದ ವಕೀಲರು ಮೆಮೋ ನೋಡಿ ನನ್ನ ಮೇಲೆ ರೇಗಿದರು. ಮೆಮೋ ಬಂದ ಮೂವತ್ತು ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ಅದು ತಲುಪಿ ಹದಿನೈದು ದಿನದಲ್ಲಿ ಹಣ ಬರದಿದ್ದರೆ, ಮುಂದಿನ ಒಂದು ತಿಂಗಳಲ್ಲಿ ಚೆಕ್ ಬೌನ್ಸ್ ಕೇಸು ಹಾಕಬೇಕು.

"ಆ ಮೂವತ್ತು ದಿನಾನ ನೀವೇ ನುಂಗಿದ್ರಿ. ಚೆಕ್ಕಿನ ತಾರೀಖಿಗೆ ಇನ್ನೂ ಮೂರು ತಿಂಗಳಾಗಿಲ್ಲ, ನಿಮ್ಮಕ್ಕನ ಪುಣ್ಯ. ಇವತ್ತೇ ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದ್ರೆ ನೋಟಿಸಿಗೆ ಹೊಸದಾಗಿ ಮೂವತ್ತು ದಿನ ಸಿಗುತ್ತೆ." ಆ ಗಡುವೂ ಮುಗಿದಿದ್ದರೆ ವಸೂಲಿಗೆ ಸಿವಿಲ್ ದಾವೆ, ಪೊಲೀಸರಿಗೆ ಮೋಸದ ದೂರು, ಇಷ್ಟೇ ಉಳಿಯುತ್ತಿತ್ತಂತೆ.

ಚೆಕ್ ಎರಡನೇ ಸಲವೂ ಬೌನ್ಸ್ ಆಯಿತು. ಈ ಸಲ ವಾರದೊಳಗೆ ನೋಟಿಸ್ ಹೋಯಿತು. ಹಣ ಬರಲಿಲ್ಲ, ಕೇಸು ಹಾಕಿದೆವು. ಅಷ್ಟರಲ್ಲಿ ಅಂಗಡಿ ಬೇರೆಯವರ ಪಾಲಾಗಿತ್ತು. ಅಕ್ಕ ನನ್ನ ಜೊತೆ ಮಾತು ಬಿಟ್ಟಳು.

ಪಾಸಾಗುವವರೆಗೆ ಚೆಕ್ ಬರೀ ಕಾಗದ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದವನು ಬಾಯಿ ಮುಚ್ಚಿಕೊಂಡರೆ ನಷ್ಟ ನಂಬಿದವರಿಗೆ ಎಂಬುದನ್ನು ಈ ಕೇಸಿನಲ್ಲಿ ಕಲಿತೆ.

ನಾನು ಸಾಕ್ಷಿ ಹೇಳಬೇಕಾಗಿದ್ದ ದಿನ, ಕೋರ್ಟಿನ ಕಾರಿಡಾರಿನಲ್ಲಿ ಅಕ್ಕ ತಾನಾಗಿ ಬಾಯಿಬಿಟ್ಟಳು.

"ಜಡ್ಜ್ ಮುಂದೆ ಏನ್ ಹೇಳ್ತೀಯಾ? ಅಲ್ಲೂ ಕ್ಲಿಯರಿಂಗ್ ಲೇಟು ಅಂತೀಯಾ?"

ಎದುರು ಬೆಂಚಿನಲ್ಲಿ ಪ್ರಕಾಶ ಕೂತಿದ್ದ. ಅವನಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ಇಲ್ಲಕ್ಕ. ಬೌನ್ಸ್ ಆಗಿದ್ದು ಅವತ್ತೇ ಗೊತ್ತಿತ್ತು. ಇವನ ವ್ಯಾಪಾರ ಕೈತಪ್ಪುತ್ತೆ ಅಂತ ನಿನ್ನತ್ರ ಮುಚ್ಚಿಟ್ಟೆ. ನಿನ್ ಅಂಗಡಿ ಹೋಗಿದ್ದು ನನ್ನಿಂದ. ತಪ್ಪಾಯ್ತಕ್ಕ."