ಬಾವಿಯ ಪ್ರಬಂಧಕ್ಕೆ ಸೊನ್ನೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ಗೊತ್ತಿದ್ದೂ ಗದಗಿನ ಕಾಲೇಜೊಂದರವರು, ನಾನು ಪ್ರಾಧ್ಯಾಪಕನಾಗಿ ನಿವೃತ್ತನಾದ ಮೇಲೆ, ತಮ್ಮ ಬಡ್ತಿ ಸಮಿತಿಗೆ ನನ್ನನ್ನು ಕರೆದಿದ್ದರು. ಅಂದು ನಮ್ಮ ಮುಂದಿದ್ದದ್ದು ಭೂಗೋಳ ಕಲಿಸುವ ಮೇಡಂ ಒಬ್ಬರ ಅರ್ಜಿ. ಲಕ್ಕುಂಡಿಯ ಹಳೆಯ ಬಾವಿಗಳಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಅವರು ಅಳೆದು, ಅಲೆದು ಬರೆದಿದ್ದರು. ಬರೆದದ್ದು ಕನ್ನಡದಲ್ಲಿ. ಬೇರೆ ಯಾರೂ ತಮ್ಮ ಪ್ರಬಂಧಗಳಲ್ಲಿ ಅದನ್ನು ಉಲ್ಲೇಖಿಸಿರಲಿಲ್ಲ. ಅಂಕ ಕೊಡುತ್ತಿದ್ದದ್ದು ಅಂಥ ಉಲ್ಲೇಖಗಳನ್ನು ಎಣಿಸಿ. ಹೀಗಾಗಿ ಸಂಶೋಧನೆಯ ಅಂಕಣದಲ್ಲಿ ಸೊನ್ನೆ ಬಿದ್ದು, ಬಡ್ತಿ ಕೈತಪ್ಪುವುದರಲ್ಲಿತ್ತು.

“ಎಲ್ಲಾರಿಗೂ ಒಂದ ಅಳತಿ ಸರ್. ಅಂಕಿ ಹೇಳಿದ್ದ ಖರೆ,” ಎಂದರು ಪ್ರಾಚಾರ್ಯರು. ಕೆಟ್ಟವರಲ್ಲ. ಅಂಕಿ ಹಿಡಿದುಕೊಂಡರೆ ವಶೀಲಿಯವರ ಕಾಟ ತಪ್ಪುತ್ತದೆ ಎಂಬುದು ಅವರ ನಂಬಿಕೆ. ಅದರಲ್ಲಿ ಅರ್ಧ ನಿಜವೂ ಇದೆ.

“ಇದನ್ನ ಯಾರ್ ಓದೀರಿ?” ಎಂದೆ. ಎಲ್ಲರೂ ಚಹಾದ ಕಪ್ಪಿಗೆ ಕೈ ಹಾಕಿದರು.

ನಾನು ಹಿರೇವಡ್ಡಟ್ಟಿಯ ಒಕ್ಕಲು ಮನೆತನದವನು. “ನಮ್ಮ ಮನ್ಯಾಗ ಎತ್ತು ತರಬೇಕಾದ್ರ ಹಲ್ಲೂ ನೋಡತಾರ, ನೊಗಕ್ಕ ಕಟ್ಟೀನೂ ನೋಡತಾರ. ನೀವು ಹಲ್ಲು ಎಣಿಸಿ ಎದ್ದು ಹೊಂಟೀರಲ್ರಿ,” ಎಂದೆ. ಪ್ರಾಚಾರ್ಯರು ನಕ್ಕರು. ನಗುವವರನ್ನು ಒಪ್ಪಿಸುವುದು ಸುಲಭ. ಸಮಿತಿ ತಾನೇ ಓದಿ ಅಂಕ ಕೊಡಬಹುದು ಎಂಬ ನಿಯಮ ಇತ್ತು, ಯಾರೂ ಬಳಸಿರಲಿಲ್ಲ ಅಷ್ಟೆ. ತಿನ್ನಲು ಮಂಡಕ್ಕಿಯ ಗಿರಮಿಟ್ ತರಿಸಿಕೊಂಡು ಮಧ್ಯಾಹ್ನವೆಲ್ಲ ಕೂತು ಓದಿದೆವು. ಕೆಲಸ ಗಟ್ಟಿಯಾಗಿತ್ತು. ಒಂದೇ ಒಂದು ಕಡೆ ಜಾರಿತ್ತು. ಬಡ್ತಿಗೆ ಎಲ್ಲರೂ ಒಪ್ಪಿದರು, ಹೊರಗೆ ಕಾಯುತ್ತಿದ್ದ ಮೇಡಂಗೆ ಇನ್ನೂ ಹೇಳಿರಲಿಲ್ಲ.

“ಆ ತಪ್ಪು ಈಗ ಎತ್ತಬ್ಯಾಡ್ರಿ ಸರ್. ಪಾಪ, ಮೊದಲ ಅಂಜಿ ಕುಂತಾರ,” ಎಂದು ಪ್ರಾಚಾರ್ಯರು ಮೆಲ್ಲಗೆ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತಪ್ಪು ಮುಚ್ಚಿಟ್ಟು ಅಂಕ ಕೊಟ್ಟರೆ ಅದು ದಾನ. ಮೇಡಂ ದಾನ ಕೇಳಿರಲಿಲ್ಲ.

ಮೇಡಂ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು.

“ಊರ ಹೊರಗಿನ ಬಾವೀನ ಒಂದ ಬ್ಯಾಸಿಗ್ಯಾಗ ಅಷ್ಟ ಅಳದೀರಿ. ಅದಕ್ಕ ಕೆರಿ ನೀರ ಬರತೈತಿ ಅಂತ ಹೆಂಗ ಹೇಳಿದ್ರಿ? ನಾನು ಒಪ್ಪೂದಿಲ್ಲ,” ಎಂದೆ.

ಅವರ ಕಣ್ಣು ತುಂಬಿ ಬಂತು. ಪ್ರಾಚಾರ್ಯರು ಗಾಬರಿಯಾಗಿ ನೀರಿನ ಲೋಟ ಮುಂದೆ ಸರಿಸಿ, ನನ್ನತ್ತ ಕೆಕ್ಕರಿಸಿ ನೋಡಿದರು. ಮೇಡಂ ಲೋಟ ಮುಟ್ಟಲಿಲ್ಲ.

“ಅದನ್ನ ಬರಿಯೂ ಮುಂದ ನನಗೂ ಸಂಶಯ ಇತ್ರಿ ಸರ್,” ಎಂದರು. “ಯಾರರ ಓದಿ ಕೇಳ್ಯಾರು ಅಂತ ಇಷ್ಟ ವರ್ಷ ಹಾದಿ ನೋಡಾಕತ್ತಿದ್ದೆ.”